ವೆಂಕಟೇಶ ಬಾಪೂಜಿ ಕೇತಕರ

ವೆಂಕಟೇಶ ಬಾಪೂಜಿ ಕೇತಕರ (1854–1930) ಅವರು ಖಗೋಳ ಗಣಿತಜ್ಞರು, ಪಂಚಾಂಗ ಸುಧಾರಕರು ಹಾಗೂ ಶಾಲಾ ಶಿಕ್ಷಕರು. ನೆಪ್ಚೂನ್ ಗ್ರಹದ ಆಚೆಗೆ ಇನ್ನೂ ಎರಡು ಗ್ರಹಗಳಿವೆಯೆಂದು ಅವರು 1911ರಲ್ಲಿ ಊಹಿಸಿದರು. ಅವುಗಳಲ್ಲಿ ಒಂದಕ್ಕೆ ಅವರು ಸೂಚಿಸಿದ ದೂರವು, 19 ವರ್ಷಗಳ ನಂತರ ಪತ್ತೆಯಾದ ಪ್ಲೂಟೊದ ದೂರಕ್ಕೆ ಬಹಳ ಸಮೀಪವಾಗಿತ್ತು.

ಜೀವನ

ಕೇತಕರರು ಇಂದಿನ ಗದಗ ಜಿಲ್ಲೆಯ ನರಗುಂದದಲ್ಲಿ ಜನಿಸಿದರು. ಮುಂಬಯಿ ಪ್ರಾಂತ್ಯದ ಶಿಕ್ಷಣ ಇಲಾಖೆಯನ್ನು ಸೇರಿ, ಬಾಗಲಕೋಟೆಯ ಇಂಗ್ಲಿಷ್ ಶಾಲೆಯಲ್ಲಿ ಶಿಕ್ಷಕರಾಗಿ ಸೇವೆ ಸಲ್ಲಿಸಿದರು. ಪಾಠ ಹೇಳುವ ವೃತ್ತಿಯ ಜೊತೆಗೇ ಸಂಸ್ಕೃತದ ಸಿದ್ಧಾಂತ ಗ್ರಂಥಗಳನ್ನೂ ಯುರೋಪಿನ ಹೊಸ ಖಗೋಳ ಗಣಿತವನ್ನೂ ಅಭ್ಯಾಸ ಮಾಡಿದರು.

ಪಂಚಾಂಗ ಸುಧಾರಣೆ

ಅಂದಿನ ಅನೇಕ ಪಂಚಾಂಗಗಳು 1520ರಲ್ಲಿ ಗಣೇಶ ದೈವಜ್ಞನು ರಚಿಸಿದ 'ಗ್ರಹಲಾಘವ'ವನ್ನು ಆಧರಿಸಿದ್ದವು. ಶತಮಾನಗಳು ಕಳೆದಂತೆ ಅದರ ಲೆಕ್ಕಕ್ಕೂ ಆಕಾಶದಲ್ಲಿ ಕಾಣುವ ಗ್ರಹಸ್ಥಿತಿಗೂ ಅಂತರ ಬೆಳೆಯಿತು. ಇದನ್ನು ಸರಿಪಡಿಸಲು ಕೇತಕರರು ಆಧುನಿಕ ಮಾನಗಳನ್ನು ಬಳಸಿ 'ಜ್ಯೋತಿರ್ಗಣಿತ', 'ಕೇತಕೀ ಗ್ರಹಗಣಿತ', 'ವೈಜಯಂತೀ' ಎಂಬ ಸಂಸ್ಕೃತ ಗ್ರಂಥಗಳನ್ನು ರಚಿಸಿದರು. ನಿರಯಣ ಗಣನೆಗೆ ಚಿತ್ರಾ ನಕ್ಷತ್ರವನ್ನು ಆಧಾರವಾಗಿಟ್ಟುಕೊಳ್ಳುವ ಚಿತ್ರಾಪಕ್ಷವನ್ನು ಅವರು ಪ್ರತಿಪಾದಿಸಿದರು. ಬಾಲಗಂಗಾಧರ ತಿಲಕರು ರೇವತೀಪಕ್ಷದ ಪರವಾಗಿದ್ದರು.

ನೆಪ್ಚೂನಿನಾಚೆಯ ಗ್ರಹಗಳು

1846ರಲ್ಲಿ ನೆಪ್ಚೂನ್ ಪತ್ತೆಯಾದದ್ದು ಯುರೇನಸ್ಸಿನ ಚಲನೆಯಲ್ಲಿ ಕಂಡ ವ್ಯತ್ಯಾಸಗಳ ಲೆಕ್ಕದಿಂದ. ಕೇತಕರರ ಮಾರ್ಗ ಬೇರೆ. ಗುರುವಿನ ಉಪಗ್ರಹಗಳಾದ ಅಯೊ, ಯುರೋಪಾ, ಗ್ಯಾನಿಮೀಡ್‌ಗಳ ಪರಿಭ್ರಮಣ ಅವಧಿಗಳು ಸುಮಾರಾಗಿ 1:2:4ರ ಪ್ರಮಾಣದಲ್ಲಿವೆ. ಲಾಪ್ಲಾಸ್ ವಿವರಿಸಿದ ಈ ಸಂಬಂಧದಂಥದೇ ಹೊರಗ್ರಹಗಳ ನಡುವೆಯೂ ಇರಬೇಕೆಂದು ಭಾವಿಸಿ ಅವರು ಎರಡು ಗ್ರಹಗಳನ್ನು ಊಹಿಸಿದರು. ಅವುಗಳಿಗೆ ಬ್ರಹ್ಮ ಮತ್ತು ವಿಷ್ಣು ಎಂದು ಹೆಸರಿಟ್ಟರು. ಈ ಲೇಖನವು ಫ್ರಾನ್ಸಿನ ಖಗೋಳ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು.

ಬ್ರಹ್ಮನ ಸರಾಸರಿ ದೂರ 38.95 ಖಗೋಳಮಾನ, ಪರಿಭ್ರಮಣ ಅವಧಿ 242.28 ವರ್ಷ ಎಂಬುದು ಅವರ ಲೆಕ್ಕ. ಸೂರ್ಯನಿಗೂ ಭೂಮಿಗೂ ಇರುವ ಸರಾಸರಿ ಅಂತರವೇ ಒಂದು ಖಗೋಳಮಾನ. 1930ರಲ್ಲಿ ಅಮೆರಿಕದ ಲೊವೆಲ್ ವೀಕ್ಷಣಾಲಯದಲ್ಲಿ ಕ್ಲೈಡ್ ಟಾಮ್‌ಬಾ ಅವರು ಛಾಯಾಚಿತ್ರ ಫಲಕಗಳನ್ನು ಹೋಲಿಸಿ ಪ್ಲೂಟೊವನ್ನು ಕಂಡುಹಿಡಿದರು. ಅದರ ದೂರ 39.48 ಖಗೋಳಮಾನ, ಅವಧಿ ಸುಮಾರು 248 ವರ್ಷ. ಕೇತಕರರು ತೀರಿಕೊಂಡದ್ದೂ ಅದೇ ವರ್ಷ.

ಮೌಲ್ಯಮಾಪನ

ಈ ಸಾಮೀಪ್ಯದಿಂದ ಪ್ಲೂಟೊದ ಶೋಧವು ಕೇತಕರರದೆಂದು ಹೇಳಲಾಗದು. ಗ್ರಹವನ್ನು ಆಕಾಶದ ಯಾವ ಭಾಗದಲ್ಲಿ ಹುಡುಕಬೇಕೆಂಬುದನ್ನು ಅವರು ತಿಳಿಸಿರಲಿಲ್ಲ. ವಿಷ್ಣು ಎಂಬ ಎರಡನೆಯ ಗ್ರಹ ದೊರೆಯಲೇ ಇಲ್ಲ. ಪ್ಲೂಟೊ ಮತ್ತು ನೆಪ್ಚೂನ್‌ಗಳ ಅವಧಿಗಳ ನಡುವಿನ 3:2ರ ಪ್ರಮಾಣವೂ ಅವರ ಊಹೆಗೆ ಹೊಂದುವುದಿಲ್ಲ. ಪ್ಲೂಟೊವನ್ನು 2006ರಿಂದ ಕುಬ್ಜ ಗ್ರಹವೆಂದು ವರ್ಗೀಕರಿಸಲಾಗಿದೆ. ಆದರೂ ವೀಕ್ಷಣಾಲಯದ ಆಸರೆಯಿಲ್ಲದೆ, ಬಾಗಲಕೋಟೆಯಂಥ ಊರಿನ ಶಾಲಾ ಶಿಕ್ಷಕರೊಬ್ಬರು ತಮ್ಮ ಕಾಲದ ಮುಖ್ಯ ಖಗೋಳ ಪ್ರಶ್ನೆಯೊಂದಕ್ಕೆ ಗಣಿತದಿಂದ ಉತ್ತರ ಹುಡುಕಿದ್ದು ಗಮನಾರ್ಹ.

ತರಗತಿಯಲ್ಲಿ

ಕೇತಕರರ ಸಂಖ್ಯೆಗಳು ಪ್ರೌಢಶಾಲಾ ತರಗತಿಯ ಚಟುವಟಿಕೆಗೆ ಉಪಯುಕ್ತವಾಗಿವೆ. ಕೆಪ್ಲರನ ಮೂರನೆಯ ನಿಯಮದಂತೆ, ವರ್ಷಗಳಲ್ಲಿ ಅಳೆದ ಅವಧಿಯ ವರ್ಗವು ಖಗೋಳಮಾನದಲ್ಲಿ ಅಳೆದ ದೂರದ ಘನಕ್ಕೆ ಸಮ. 39.48ರ ಘನದ ವರ್ಗಮೂಲವು ಸುಮಾರು 248, ಅಂದರೆ ಪ್ಲೂಟೊದ ಅವಧಿ. 38.95ರಿಂದ ಬರುವುದು ಸುಮಾರು 243. ಇದನ್ನು ಕೇತಕರರ 242.28ರೊಂದಿಗೆ ಹೋಲಿಸಿ, ಅವರ ಲೆಕ್ಕವನ್ನು ವಿದ್ಯಾರ್ಥಿಗಳೇ ಪರೀಕ್ಷಿಸಬಹುದು.