ಬೆಂಜಮಿನ್ ಗ್ರಹಾಂ ಮತ್ತು ಯಾರೂ ಕೇಳದ ಕಡತ

ಷೇರಿನಲ್ಲಿ ದುಡ್ಡು ಮಾಡಬೇಕಾದರೆ ಕಂಪನಿಯ ಒಳಗಿನ ಸುದ್ದಿ ಗೊತ್ತಿರಬೇಕು ಎಂದು ಹಲವರು ನಂಬುತ್ತಾರೆ. ಬೆಂಜಮಿನ್ ಗ್ರಹಾಂ ಅವರ ಬದುಕಿನ ಒಂದು ಪ್ರಸಂಗ ನೋಡಿದರೆ ಈ ನಂಬಿಕೆ ಸಡಿಲವಾಗುತ್ತದೆ.

ಗ್ರಹಾಂ ಹುಟ್ಟಿದ್ದು 1894ರಲ್ಲಿ, ಲಂಡನ್ನಿನಲ್ಲಿ. ಕೂಸಾಗಿದ್ದಾಗಲೇ ಅವರ ಕುಟುಂಬ ನ್ಯೂಯಾರ್ಕಿಗೆ ಬಂತು. ಬಾಲ್ಯದಲ್ಲೇ ತಂದೆ ತೀರಿಕೊಂಡರು. ತಾಯಿ ಸಾಲದ ಮೇಲೆ ಕೊಂಡಿದ್ದ ಷೇರುಗಳು 1907ರ ಕುಸಿತದಲ್ಲಿ ಕರಗಿಹೋದವು. 1914ರಲ್ಲಿ ಕೊಲಂಬಿಯಾದಿಂದ ಪದವಿ ಪಡೆದ ಗ್ರಹಾಂ, ಅಲ್ಲಿಯೇ ಪಾಠ ಹೇಳುವ ಅವಕಾಶವಿದ್ದರೂ ವಾಲ್ ಸ್ಟ್ರೀಟ್ ಸೇರಿದರು.

ಆಗ ಕಂಪನಿಗಳು ಷೇರುದಾರರಿಗೆ ಕೊಡುತ್ತಿದ್ದ ಲೆಕ್ಕ ಬಹಳ ಚುಟುಕು. ಆದರೆ ರಾಜ್ಯದಿಂದ ರಾಜ್ಯಕ್ಕೆ ತೈಲ ಸಾಗಿಸುವ ಪೈಪ್‌ಲೈನ್ ಕಂಪನಿಗಳು, ರೈಲ್ವೆಗಳ ಹಾಗೆಯೇ, ಅಂತರರಾಜ್ಯ ವಾಣಿಜ್ಯ ಆಯೋಗಕ್ಕೆ ವಿವರವಾದ ವರದಿ ಸಲ್ಲಿಸಬೇಕಿತ್ತು. 1926ರಲ್ಲಿ ಬೇರೇನೋ ಓದುವಾಗ ಗ್ರಹಾಂ ಕಣ್ಣಿಗೆ ಈ ವರದಿಗಳ ಉಲ್ಲೇಖ ಬಿತ್ತು. ಅವರು ರೈಲು ಹತ್ತಿ ವಾಷಿಂಗ್ಟನ್ನಿಗೆ ಹೋಗಿ ಕಡತ ತರಿಸಿಕೊಂಡರು. ಅದು ಗುಟ್ಟಿನ ಕಾಗದವೇನಲ್ಲ, ಕೇಳಿದವರಿಗೆ ಸಿಗುತ್ತಿತ್ತು.

ನಾರ್ದರ್ನ್ ಪೈಪ್‌ಲೈನ್ ಎಂಬ ಕಂಪನಿಯ ಷೇರಿಗೆ ಆಗ ಸುಮಾರು 65 ಡಾಲರ್ ಬೆಲೆ. ವರದಿಯಲ್ಲಿ ಕಂಡ ರೈಲ್ವೆ ಬಾಂಡುಗಳು ಮತ್ತಿತರ ಹೂಡಿಕೆಗಳನ್ನು ಷೇರುಗಳ ಸಂಖ್ಯೆಯಿಂದ ಭಾಗಿಸಿದರೆ ತಲಾ ಸುಮಾರು 95 ಡಾಲರ್ ಬರುತ್ತಿತ್ತು. 65 ಕೊಟ್ಟವರಿಗೆ 95ರ ಆಸ್ತಿಯಲ್ಲಿ ಪಾಲು, ಮೇಲೆ ನಡೆಯುತ್ತಿರುವ ವ್ಯವಹಾರ ಪುಕ್ಕಟೆ! ನಾಲ್ಕನೇ ತರಗತಿಯ ಭಾಗಾಕಾರವೇ ಸಾಕಿತ್ತು ಎನ್ನುವುದು ನಮಗೆ ಇಲ್ಲಿ ಸೋಜಿಗ.

ಆದರೆ ಕಾಗದದ ಮೇಲಿದ್ದ ಹಣ ಕೈಗೆ ಬರಬೇಕಲ್ಲ? ಗ್ರಹಾಂ ಷೇರು ಕೊಳ್ಳುತ್ತಾ ಹೋದರು. ಕೊನೆಗೆ ರಾಕ್‌ಫೆಲ್ಲರ್ ಫೌಂಡೇಶನ್ ಬಿಟ್ಟರೆ ಅವರದೇ ದೊಡ್ಡ ಪಾಲು. ಬೇಡದ ಬಾಂಡು ಮಾರಿ ಹಣ ಹಂಚಿ ಎಂದು ಕೇಳಿದರು. ಆಡಳಿತ ಒಪ್ಪಲಿಲ್ಲ. 1927ರ ವಾರ್ಷಿಕ ಸಭೆ ನಡೆದದ್ದು ಪೆನ್ಸಿಲ್ವೇನಿಯಾದ ಆಯಿಲ್ ಸಿಟಿಯಲ್ಲಿ. ಅಲ್ಲಿ ಗ್ರಹಾಂ ಮಾತಿಗೆ ಅನುಮೋದನೆ ಕೊಡಲು ಇನ್ನೊಬ್ಬರಿರಲಿಲ್ಲ, ಸಭೆ ಬೇಗನೆ ಮುಗಿಯಿತು. ಮರುವರ್ಷ ಅವರು ಉಳಿದ ಷೇರುದಾರರ ಮತಗಳನ್ನು ಕೂಡಿಸಿಕೊಂಡು ಬಂದು, ಆಡಳಿತ ಮಂಡಳಿಯ ಐದು ಸ್ಥಾನಗಳಲ್ಲಿ ಎರಡನ್ನು ಗೆದ್ದರು. ಆಮೇಲೆ ಕಂಪನಿ ಪ್ರತಿ ಷೇರಿಗೆ ಒಟ್ಟು 70 ಡಾಲರ್ ಹಂಚಿತು.

ಹಾಗೆಂದು ವರದಿ ಓದಿದವರಿಗೆ ನಷ್ಟವೇ ಆಗುವುದಿಲ್ಲ ಎಂದುಕೊಂಡರೆ ಅದು ಇನ್ನೊಂದು ಮೂಢನಂಬಿಕೆ. 1929ರಿಂದ 1932ರೊಳಗೆ ಗ್ರಹಾಂ ನಡೆಸುತ್ತಿದ್ದ ನಿಧಿ ಸುಮಾರು 70 ಶೇಕಡಾ ಕಳೆದುಕೊಂಡಿತು. ಅವರೂ ಸಾಲ ಮಾಡಿ ಹೂಡಿದ್ದರು. 1907ರಲ್ಲಿ ಮನೆಯಲ್ಲೇ ಕಂಡಿದ್ದ ಅಪಾಯ ಅದು.

1933 ಮತ್ತು 1934ರ ಕಾನೂನುಗಳು ಅಮೆರಿಕದ ಷೇರುಪೇಟೆಯ ಕಂಪನಿಗಳು ವಿವರವಾದ ಲೆಕ್ಕ ಸಲ್ಲಿಸುವುದನ್ನು ಕಡ್ಡಾಯ ಮಾಡಿದವು. ಡೇವಿಡ್ ಡಾಡ್ ಜೊತೆ ಗ್ರಹಾಂ ಬರೆದ ‘ಸೆಕ್ಯೂರಿಟಿ ಅನಾಲಿಸಿಸ್’ ಬಂದದ್ದೂ 1934ರಲ್ಲೇ. ಕೊಲಂಬಿಯಾದಲ್ಲಿ ಅವರ ಬಳಿ ಕಲಿತವರಲ್ಲಿ ವಾರೆನ್ ಬಫೆಟ್ ಒಬ್ಬರು. 1976ರಲ್ಲಿ ಗ್ರಹಾಂ ಫ್ರಾನ್ಸಿನಲ್ಲಿ ತೀರಿಕೊಂಡರು. ಅವರು ರೈಲು ಹತ್ತಿ ಹುಡುಕಿದ ಬಗೆಯ ವಿವರ ಇಂದು ಮೊಬೈಲಿನಲ್ಲೇ ಸಿಗುತ್ತದೆ: ವಾರ್ಷಿಕ ವರದಿಯ ಹಿಂಭಾಗದಲ್ಲಿ, ಲೆಕ್ಕಪತ್ರಗಳ ಟಿಪ್ಪಣಿಗಳಲ್ಲಿ, ‘ಹೂಡಿಕೆಗಳು’ ಎಂಬ ತಲೆಬರಹದಡಿ.