ನಾದಶಿಲ್ಪಿ ಡೀಲಿಯಾ ಡಾರ್ಬಿಶೈರ್

ನಮ್ಮ ಪ್ರಾಚೀನ ಲಾಕ್ಷಣಿಕರು ನವರಸಗಳಲ್ಲಿ ಭಯಾನಕಕ್ಕೂ ಒಂದು ಪೀಠವನ್ನು ಕೊಟ್ಟಿದ್ದಾರೆ. ಭಯವನ್ನುಂಟುಮಾಡುವ ಚಲಚ್ಚಿತ್ರವನ್ನು ಕಿವಿ ಮುಚ್ಚಿಕೊಂಡು ನೋಡಿದರೆ ಅದರ ಅರ್ಧ ಬಲ ಉಡುಗಿಹೋಗುವುದು ಎಲ್ಲರ ಅನುಭವ. ಕಣ್ಣಿಗೆ ಕಾಣದುದರ ಭಯವನ್ನು ಹುಟ್ಟಿಸುವುದು ನಾದವೇ. ವಾದ್ಯವೃಂದದ ಹಂಗಿಲ್ಲದೆ, ವಿದ್ಯುದ್ಯಂತಗಳಿಂದಲೂ ತಗಡಿನ ಸದ್ದಿನಿಂದಲೂ ಅಂತಹ ನಾದವನ್ನು ನಿರ್ಮಿಸಿದವರು ಇಂಗ್ಲೆಂಡಿನ ಡೀಲಿಯಾ ಡಾರ್ಬಿಶೈರ್. ಅವರ ಕೃತಿಯನ್ನು ಕೇಳದ ಮನೆ ಆ ದೇಶದಲ್ಲಿ ವಿರಳ. ಆದರೆ ಐವತ್ತು ವರ್ಷಗಳವರೆಗೆ ಅವರ ಹೆಸರು ತೆರೆಯ ಮೇಲೆ ಬರಲಿಲ್ಲ. ಸಂಬಳಕ್ಕೆ ದುಡಿಯುವ ನಮ್ಮ ವಾಚಕರು ಅರಿಯಬೇಕಾದ ಜೀವನವಿದು.

ಡೀಲಿಯಾ ಅವರು 1937ನೆಯ ಇಸವಿ ಮೇ 5ರಂದು ಕಾರ್ಖಾನೆಗಳ ನಗರವಾದ ಕವೆಂಟ್ರಿಯಲ್ಲಿ ಜನಿಸಿದರು. ತಂದೆ ತಗಡಿನ ಕೆಲಸಗಾರರು. 1940ರ ನವೆಂಬರ್ 14ರ ರಾತ್ರಿ ಜರ್ಮನ್ ವಿಮಾನಗಳು ಆ ನಗರದ ಮೇಲೆ ಬಾಂಬುಗಳ ಮಳೆಗರೆದುವು. ಪುರಾತನ ಕೆಥೆಡ್ರಲ್ ಸುಟ್ಟು ಬರಿಯ ಗೋಡೆಗಳು ಉಳಿದುವು. ಆಗ ಡೀಲಿಯಾ ಮೂರು ವರ್ಷದ ಮಗು. ಅಪಾಯವನ್ನು ಸಾರುವ ಸೈರನ್ನಿನ ಏರಿಳಿತದ ಕೂಗು, ಅಪಾಯ ಕಳೆದುದನ್ನು ತಿಳಿಸುವ ನೀಳವಾದ ಒಂದೇ ಸ್ವರ, ಇವೇ ತಮ್ಮ ನಾದಪ್ರೇಮದ ಮೂಲವೆಂದು ಅವರು ಮುಂದೆ ನೆನೆಯುತ್ತಿದ್ದರು.

ವಿದ್ಯಾರ್ಥಿವೇತನದ ನೆರವಿನಿಂದ ಕೇಂಬ್ರಿಜ್‌ನ ಗರ್ಟನ್ ಕಾಲೇಜನ್ನು ಸೇರಿ, ಗಣಿತವನ್ನೂ ಸಂಗೀತವನ್ನೂ ಅಭ್ಯಸಿಸಿ, 1959ರಲ್ಲಿ ಪದವೀಧರೆಯಾದರು. ಡೆಕ್ಕಾ ಗ್ರಾಮೊಫೋನ್ ಕಂಪೆನಿಗೆ ಅರ್ಜಿ ಹಾಕಿದಾಗ, ಧ್ವನಿಮುದ್ರಣಶಾಲೆಯಲ್ಲಿ ಸ್ತ್ರೀಯರನ್ನು ನೇಮಿಸುವ ಪದ್ಧತಿಯಿಲ್ಲವೆಂಬ ಉತ್ತರ ಬಂದಿತು. ಜಿನೀವಾದಲ್ಲಿ ಮಕ್ಕಳಿಗೆ ಪಾಠ ಹೇಳಿ, ಕಚೇರಿಯ ಸಹಾಯಕಿಯಾಗಿಯೂ ದುಡಿದು, 1960ರಲ್ಲಿ ಬಿ.ಬಿ.ಸಿ.ಯಲ್ಲಿ ಸ್ಟುಡಿಯೋದ ಕಿರಿಯ ಹುದ್ದೆಯೊಂದನ್ನು ಸಂಪಾದಿಸಿದರು. 1962ರಲ್ಲಿ ಲಂಡನ್ನಿನ ಮೇಡಾ ವೇಲ್‌ನಲ್ಲಿದ್ದ ರೇಡಿಯೋಫೋನಿಕ್ ವರ್ಕ್‌ಷಾಪ್ ಎಂಬ ವಿಭಾಗವನ್ನು ಸೇರಿದರು. ನಾಟಕಗಳಿಗೆ ಬೇಕಾದ ವಿಚಿತ್ರ ಧ್ವನಿಗಳನ್ನು ತಯಾರಿಸುವುದು ಆ ವಿಭಾಗದ ಕೆಲಸ.

1963ರಲ್ಲಿ ‘ಡಾಕ್ಟರ್ ಹೂ’ ಎಂಬ ಟೆಲಿವಿಷನ್ ಧಾರಾವಾಹಿಗೆ ರಾನ್ ಗ್ರೇನರ್ ಎಂಬ ಸಂಗೀತಗಾರರು ರಾಗದ ರೇಖೆಯನ್ನು ಬರೆದುಕೊಟ್ಟರು. ಅದಕ್ಕೆ ಪ್ರಾಣ ಕೊಡುವ ಹೊಣೆ ಡೀಲಿಯಾ ಅವರದು. ಗುಂಡಿಯನ್ನೊತ್ತಿದರೆ ಬೇಕಾದ ನಾದ ಹೊರಡುವ ಸಿಂಥಸೈಜರ್ ಯಂತ್ರ ಆಗ ಅಲ್ಲಿರಲಿಲ್ಲ. ಅವರು ಒಂದೇ ತಂತಿಯನ್ನು ಮೀಟಿ ಆ ಸದ್ದನ್ನು ಟೇಪಿನಲ್ಲಿ ಹಿಡಿದರು. ಟೇಪಿನ ವೇಗವನ್ನು ಹೆಚ್ಚುಕಡಿಮೆ ಮಾಡಿ ಬೇರೆ ಬೇರೆ ಸ್ವರಗಳನ್ನು ಪಡೆದರು. ಯಂತ್ರಗಳನ್ನು ಪರೀಕ್ಷಿಸಲೆಂದು ಇದ್ದ ಆಸಿಲೇಟರುಗಳಿಂದ ಊಳಿಡುವ ರಾಗವನ್ನು ತೆಗೆದರು. ಪ್ರತಿಯೊಂದು ಸ್ವರದ ಟೇಪನ್ನೂ ಬ್ಲೇಡಿನಿಂದ ಕತ್ತರಿಸಿ, ಒಂದಕ್ಕೊಂದು ಅಂಟಿಸಿದರು. ಸೆಕೆಂಡಿಗೆ 15 ಅಂಗುಲ ಓಡುವ ಟೇಪಿನಲ್ಲಿ ಅರ್ಧ ಸೆಕೆಂಡಿನ ಸ್ವರವೆಂದರೆ ಏಳೂವರೆ ಅಂಗುಲದ ತುಂಡು. ಒಮ್ಮೆ ಸ್ವರವೊಂದು ಜಾಗ ತಪ್ಪಿದಾಗ, ಸಹಾಯಕರಾದ ಡಿಕ್ ಮಿಲ್ಸ್ ಅವರೊಡನೆ ಕಟ್ಟಡದ ಉದ್ದನೆಯ ಕಾರಿಡಾರಿನಲ್ಲಿ ಟೇಪುಗಳನ್ನು ಹಾಸಿ, ತಪ್ಪಿದ ಜೋಡಣೆಯನ್ನು ಕಣ್ಣಿನಿಂದಲೇ ಹುಡುಕಿದರು.

ನವೆಂಬರ್ 23ರಂದು ಧಾರಾವಾಹಿ ಪ್ರಾರಂಭವಾಯಿತು. ಆ ನಾದ ಹೊರಟೊಡನೆ ಮಕ್ಕಳು ಸೋಫಾದ ಹಿಂದೆ ಅವಿತುಕೊಳ್ಳುವರೆಂಬುದು ಇಂಗ್ಲೆಂಡಿನಲ್ಲಿ ಮನೆಮಾತಾಯಿತು. ಅದನ್ನು ಮೊದಲು ಕೇಳಿ ಬೆರಗಾದ ಗ್ರೇನರ್ ತಮ್ಮ ಸಂಭಾವನೆಯಲ್ಲಿ ಅರ್ಧವನ್ನು ಡೀಲಿಯಾ ಅವರಿಗೆ ಕೊಡಬಯಸಿದ್ದರು. ಆದರೆ ವಿಭಾಗದ ನೌಕರರು ಅನಾಮಿಕರಾಗಿರಬೇಕೆಂಬುದು ಸಂಸ್ಥೆಯ ನಿಯಮ. ಹೆಸರು ಗ್ರೇನರರಿಗೂ ವಿಭಾಗಕ್ಕೂ ಸಂದಿತು. ಡೀಲಿಯಾ ಅವರಿಗೆ ಸಂಬಳ ಸಂದಿತು. ಸಾಂಬಾರನ್ನು ಮೆಚ್ಚಿದ ಗಿರಾಕಿ ಹೋಟೆಲಿನ ಬೋರ್ಡಿನ ಮೇಲಿನ ಹೆಸರನ್ನು ನೆನಪಿಡುವನಲ್ಲದೆ ಒಲೆಯ ಮುಂದೆ ಬೆವರಿದ ಭಟ್ಟರ ಹೆಸರನ್ನು ಕೇಳುವನೇ? ನಮ್ಮ ವಾಚಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಆದರೂ ಅವರ ಕೆಲಸ ಸೊರಗಲಿಲ್ಲ. 1964ರಲ್ಲಿ ರೇಡಿಯೋಗಾಗಿ ‘ದ ಡ್ರೀಮ್ಸ್’ ಎಂಬ ಕೃತಿಯಲ್ಲಿ, ಸಾಮಾನ್ಯ ಜನರು ತಾವು ಓಡಿದ, ಬಿದ್ದ, ಮುಳುಗಿದ ಕನಸುಗಳನ್ನು ಹೇಳುವ ಮಾತಿನ ಹಿಂದೆ ನಡುಕ ಹುಟ್ಟಿಸುವ ನಾದವನ್ನು ಹೆಣೆದರು. ವಿದ್ಯುದ್ದೀಪದ ಹಸಿರು ತಗಡಿನ ಶೇಡು ಅವರ ಮೆಚ್ಚಿನ ವಾದ್ಯ. ಅದನ್ನು ಬಡಿದು, ಪೆಟ್ಟಿನ ಸದ್ದನ್ನು ಕತ್ತರಿಸಿ ತೆಗೆದು, ಉಳಿದ ಝೇಂಕಾರವನ್ನಷ್ಟೇ ಬಳಸುತ್ತಿದ್ದರು. ಪೆಟ್ಟಿಲ್ಲದ ಝೇಂಕಾರ ಎಲ್ಲಿಂದ ಬಂತೆಂದು ಕಿವಿಗೆ ತಿಳಿಯದು. ಆ ತಿಳಿಯದಿರುವಿಕೆಯೇ ಭಯದ ಬೀಜ. 1973ರಲ್ಲಿ ತೆರೆಕಂಡ ‘ದ ಲೆಜೆಂಡ್ ಆಫ್ ಹೆಲ್ ಹೌಸ್’ ಎಂಬ ಭೂತಗೃಹದ ಚಿತ್ರಕ್ಕೆ ಬ್ರಿಯಾನ್ ಹಾಡ್ಜ್‌ಸನ್ ಅವರೊಡಗೂಡಿ ಅಂತಹುದೇ ವಿದ್ಯುನ್ನಾದವನ್ನು ರಚಿಸಿದರು.

ಅದೇ ವರ್ಷ ಅವರು ಬಿ.ಬಿ.ಸಿ.ಯನ್ನು ಬಿಟ್ಟರು. ಅನಂತರ ಅನಿಲದ ಕೊಳವೆ ಹಾಕುವ ಕೆಲಸದಲ್ಲಿ ರೇಡಿಯೋ ಆಪರೇಟರಾಗಿ, ಪುಸ್ತಕದಂಗಡಿಯಲ್ಲಿ, ಚಿತ್ರಶಾಲೆಯಲ್ಲಿ ದುಡಿದರು. 2001ರ ಜುಲೈ 3ರಂದು, 64ನೆಯ ವಯಸ್ಸಿನಲ್ಲಿ, ಮೂತ್ರಪಿಂಡಗಳ ವೈಫಲ್ಯದಿಂದ ಕಾಲವಾದರು. ಆಮೇಲೆ ಅವರ ಮನೆಯ ಅಟ್ಟದಲ್ಲಿ 267 ಟೇಪುಗಳು ದೊರೆತುವು. ಅವುಗಳನ್ನು ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯ ರಕ್ಷಿಸಿಟ್ಟಿದೆ.

2013ರ ನವೆಂಬರ್ 23ರಂದು, ಧಾರಾವಾಹಿಯ ಐವತ್ತನೆಯ ವರ್ಷದ ವಿಶೇಷ ಸಂಚಿಕೆಯಲ್ಲಿ, ಡೀಲಿಯಾ ಡಾರ್ಬಿಶೈರ್ ಎಂಬ ಹೆಸರು ಮೊದಲ ಬಾರಿಗೆ ತೆರೆಯ ಮೇಲೆ ಮೂಡಿತು. 2017ರಲ್ಲಿ ಕವೆಂಟ್ರಿ ವಿಶ್ವವಿದ್ಯಾಲಯ ಮರಣೋತ್ತರ ಗೌರವ ಡಾಕ್ಟರೇಟನ್ನು ನೀಡಿತು. ಇವೆಲ್ಲವೂ ಸಂದಾಗ ಸ್ವೀಕರಿಸಲು ಅವರಿರಲಿಲ್ಲ. ನಮ್ಮ ನಡುವೆ ದುಡಿಯುವವರ ಹೆಸರನ್ನು ಅವರು ಬದುಕಿರುವಾಗಲೇ ಕೇಳಿ ತಿಳಿಯುವುದಕ್ಕೆ ಹಣ ಖರ್ಚಾಗುವುದಿಲ್ಲ.