ಉಪ್ಪಿನ ತೆರಿಗೆ ವಿರುದ್ಧ ನಡೆದ ಹುಡುಗ, ಕಂದಾಯದ ಹಣದ ಮುಂದೆ ಬಿದ್ದ

ಹಾವೇರಿ ರೈಲ್ವೆ ಸ್ಟೇಷನ್ನಿನ ಬೋರ್ಡಿನ ಮೇಲೆ ಮಹದೇವಪ್ಪ ಮೈಲಾರ ಅಂತ ಒಂದು ಹೆಸರಿದೆ. ದಿನಾ ಅದರ ಕೆಳಗೇ ನಿಂತು ಗಾಡಿ ಕಾಯುವ ನಾಲ್ಕಾರು ಮಂದಿಯನ್ನು ಮೊನ್ನೆ ಕೇಳಿದೆ. ಯಾರಪ್ಪಾ ಇವರು? ಒಬ್ಬರು ಹಳೇ ಕಾಲದ ಶಾಸಕರಿರಬೇಕು ಅಂದರು. ಇನ್ನೊಬ್ಬರು ಮೈಲಾರಲಿಂಗ ದೇವರ ಹೆಸರು ಅಂದರು. ಮೂರನೆಯವರಿಗೆ ಮಾತ್ರ ಗೊತ್ತಿತ್ತು, ಅವರೂ ಹುತಾತ್ಮ ಅಂತಷ್ಟೇ ಹೇಳಿ ಗಾಡಿ ಹತ್ತಿದರು. ಅವರನ್ನು ದೂರಿ ಏನು ಪ್ರಯೋಜನ, ಪಿಯುಸಿಗೆ ಅರ್ಧದಲ್ಲೇ ಕೈಮುಗಿದು ಬಂದ ನನಗೂ ಬಹಳ ದಿನ ಅಷ್ಟೇ ಗೊತ್ತಿದ್ದದ್ದು.

ಮಹದೇವಪ್ಪ ಹುಟ್ಟಿದ್ದು 1911ರ ಜೂನ್ 8ರಂದು, ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನಲ್ಲಿ. ತಂದೆ ಮಾರ್ತಾಂಡಪ್ಪ, ತಾಯಿ ಬಸಮ್ಮ. ಆಗ ಹಾವೇರಿ ಜಿಲ್ಲೆ ಎಲ್ಲಿತ್ತು? ಎಲ್ಲಾ ಧಾರವಾಡ ಜಿಲ್ಲೆ, ಮುಂಬಯಿ ಪ್ರಾಂತ. ಹುಡುಗನಿಗೆ ಖಾದಿ ಹುಚ್ಚು ಹಿಡಿದದ್ದು ಸಣ್ಣ ವಯಸ್ಸಿಗೇ. ಆ ಹುಚ್ಚು ಅವನನ್ನು ಗುಜರಾತಿನ ಸಾಬರಮತಿ ಆಶ್ರಮದ ತನಕ ಎಳಕೊಂಡು ಹೋಯಿತು. ಬಸ್ಸೇ ಅಪರೂಪದ ಕಾಲದಲ್ಲಿ ಮೋಟೆಬೆನ್ನೂರಿನ ಹುಡುಗ ಅಹಮದಾಬಾದಿಗೆ ಹೋಗಿ ನೆಲೆಸೋದು ಅಂದರೆ ಸಣ್ಣ ಮಾತಲ್ಲ.

ಅಲ್ಲಿದ್ದಾಗಲೇ 1930 ಬಂತು. ಉಪ್ಪಿನ ಸತ್ಯಾಗ್ರಹ ಅಂದರೆ ಬರೀ ಉಪ್ಪಿನ ಜಗಳ ಅಂತ ಸಾಲಿ ಪುಸ್ತಕದಲ್ಲಿ ಓದಿರ್ತೀವಿ. ಅದು ಸರ್ಕಾರದ ಇಡೀ ಜಮಾಖರ್ಚಿನ ಮೇಲಿನ ಜಗಳ. ಆ ವರ್ಷದ ಜನವರಿ ಕೊನೆಗೆ ಗಾಂಧೀಜಿ 11 ಬೇಡಿಕೆ ಮುಂದಿಟ್ಟರು. ಉಪ್ಪಿನ ತೆರಿಗೆ ರದ್ದು ಮಾಡಿ ಅನ್ನೋದು ಅದರಲ್ಲಿ ಒಂದು. ಭೂಕಂದಾಯ ಅರ್ಧಕ್ಕೆ ಇಳಿಸಿ, ಮಿಲಿಟರಿ ಖರ್ಚು ಅರ್ಧ ಕಡಿಮೆ ಮಾಡಿ, ದೊಡ್ಡ ಅಧಿಕಾರಿಗಳ ಸಂಬಳ ಕತ್ತರಿಸಿ ಅನ್ನೋವೂ ಅದರಲ್ಲೇ ಇದ್ದವು.

ಮಾರ್ಚ್ 2ಕ್ಕೆ ವೈಸರಾಯ್ ಇರ್ವಿನ್ನರಿಗೆ ಪತ್ರ ಬರೆದು, ಅವರ ಸಂಬಳವನ್ನೇ ಎತ್ತಿ ಆಡಿದರು. ತಿಂಗಳಿಗೆ 21,000 ರೂಪಾಯಿ, ಅಂದರೆ ದಿನಕ್ಕೆ 700. ಈ ದೇಶದವನ ಸರಾಸರಿ ದುಡಿಮೆ ದಿನಕ್ಕೆ 2 ಆಣೆಗೂ ಕಡಿಮೆ. ಅಂಗಡಿಯವರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ, ಆದರೂ ಹಾಕೋಣ. 700 ರೂಪಾಯಿಗೆ 11,200 ಆಣೆ. ತಲೆಗೆ 2 ಆಣೆಯಂತೆ ಹಂಚಿದರೆ 5,600 ಮಂದಿಯ ಒಂದು ದಿನದ ಗಳಿಕೆಯನ್ನು ಒಬ್ಬರೇ ತಗೊಂಡ ಹಾಗಾಯಿತು! ಇನ್ನು ಉಪ್ಪು. ಒಂದು ಮಣಕ್ಕೆ, ಅಂದರೆ ಸುಮಾರು 37 ಕಿಲೋಗೆ, ಒಂದೂಕಾಲು ರೂಪಾಯಿ ತೆರಿಗೆ. ಸಾಹುಕಾರನೂ ಕೂಲಿಯವನೂ ತಿನ್ನೋ ಉಪ್ಪು ಹೆಚ್ಚುಕಡಿಮೆ ಅಷ್ಟೇ. ಬಿಸಿಲಲ್ಲಿ ಬೆವರು ಸುರಿಸುವವನಿಗೆ ಒಂದು ಚಿಟಿಕೆ ಜಾಸ್ತಿಯೇ ಬೇಕು. ಇವತ್ತು ಉಪ್ಪಿನ ಪಾಕೀಟಿಗೆ ಜಿಎಸ್‌ಟಿ ಇಲ್ಲ. ಆಗ ಸಮುದ್ರದ ದಂಡೆಯಲ್ಲಿ ತಾನಾಗೇ ಒಣಗಿದ ಉಪ್ಪನ್ನು ಬಾಚಿಕೊಂಡರೂ ಗುನ್ನೆ.

ಮಾರ್ಚ್ 12ರ ಬೆಳಿಗ್ಗೆ ಸಾಬರಮತಿಯಿಂದ ಹೊರಟರು. ಗಾಂಧೀಜಿ ಜೊತೆಗೆ 78 ಮಂದಿ. ಆ ಪಟ್ಟಿಯಲ್ಲಿ ಕರ್ನಾಟಕದ ಹೆಸರು ಒಂದೇ ಒಂದು: ಮಹಾದೇವ ಮಾರ್ತಾಂಡ, ವಯಸ್ಸು 18. ಗುಜರಾತಿನ ಪದ್ಧತಿಯಂತೆ ಹೆಸರಿನ ಮುಂದೆ ಅಪ್ಪನ ಹೆಸರು ಬರೆದರು, ಅಷ್ಟೇ. ಅವನು ನಮ್ಮ ಮೋಟೆಬೆನ್ನೂರಿನ ಮಹದೇವಪ್ಪ.

ಒಟ್ಟು 241 ಮೈಲಿ, ಇಂದಿನ ಲೆಕ್ಕದಲ್ಲಿ 385 ಕಿಲೋಮೀಟರ್ ಹತ್ತಿರ. ಹಾವೇರಿಯಿಂದ ಬೆಂಗಳೂರಿಗಿಂತಲೂ ದೂರ. ರಾತ್ರಿ ಬಸ್ಸಿನಲ್ಲಿ ಕೂತು ಹೋಗಿ ಬರೋದಕ್ಕೇ ನಮಗೆ ಸೊಂಟ ಹಿಡಿಯುತ್ತದೆ. ಅವರು 24 ದಿನ ನಡೆದರು. ಬರೀ ನಡೆದರೆ ಮುಗೀತಾ? ದಿನಾ ಪ್ರಾರ್ಥನೆ ಆಗಬೇಕು, ನೂಲು ತೆಗೀಬೇಕು, ಡೈರಿ ಬರೀಬೇಕು. ಊರೂರಿಗೂ ಜನ ಕೂಡ್ತಾ ಹೋದರು. 78 ಮಂದಿಯ ಮೆರವಣಿಗೆ ಸಾವಿರಾರು ಜನರದ್ದಾಯಿತು.

ದಾರಿಯಲ್ಲಿ ನಡೆದ ಒಂದು ಸಂಗತಿ ಹೆಚ್ಚು ಮಂದಿಗೆ ಗೊತ್ತಿಲ್ಲ. ಮಾರ್ಚ್ 29ರಂದು ತಂಡ ಭಟಗಾಮ್ ಅನ್ನೋ ಹಳ್ಳಿಗೆ ಬಂತು. ಅಷ್ಟೊತ್ತಿಗೆ ಗಾಂಧೀಜಿ ಕಣ್ಣಿಗೆ ಎರಡು ವಿಷಯ ಬಿದ್ದಿದ್ದವು. ರಾತ್ರಿ ದಾರಿಗೆ ಬೆಳಕು ಬೇಕು ಅಂತ ದೊಡ್ಡ ಗ್ಯಾಸ್‌ಲೈಟನ್ನು ಒಬ್ಬ ಬಡ ಕೂಲಿಯವನ ತಲೆ ಮೇಲೆ ಹೊರಿಸಿ ಅವಸರ ಮಾಡ್ತಿದ್ದರು. ಹಾಲಿಗೋಸ್ಕರ ಸೂರತ್ತಿಗೆ ಮೋಟಾರು ಲಾರಿ ಕಳಿಸಿದ್ದರು. ಅವತ್ತು ಸಂಜೆ ಸಭೆಯಲ್ಲೇ, ಊರ ಜನರ ಮುಂದೇನೇ, ತಮ್ಮ ತಂಡವನ್ನು ತರಾಟೆಗೆ ತಗೊಂಡರು. ತಮ್ಮನ್ನೂ ಬಿಡಲಿಲ್ಲ. ವೈಸರಾಯ್ ಸಂಬಳದ ಬಗ್ಗೆ ಪತ್ರ ಬರೆದವರು ಜನರ ದುಡ್ಡಲ್ಲಿ ಹೀಗೆ ಖರ್ಚು ಮಾಡಿದರೆ ಆ ಪತ್ರಕ್ಕೆ ಏನು ಬೆಲೆ ಅನ್ನೋದು ಅವರ ಪ್ರಶ್ನೆ. ಆ ತಂಡದಲ್ಲಿ ನಮ್ಮ 18ರ ಹುಡುಗನೂ ಇದ್ದ. ಸರ್ಕಾರದ ಖರ್ಚು ಕೇಳುವವನು ಮೊದಲು ತನ್ನ ಚೀಲ ಬಿಚ್ಚಿ ತೋರಿಸಬೇಕು ಅನ್ನೋ ಪಾಠ ಅವನಿಗೆ ಆಗಿದ್ದು ಹೀಗೆ. ಈಗಿನ ಮೆರವಣಿಗೆಗಳ ಬಾಳೆಹಣ್ಣು, ಬಿರಿಯಾನಿ ಲೆಕ್ಕ ನಾನು ಎತ್ತೋದಿಲ್ಲ ಬಿಡಿ.

ಏಪ್ರಿಲ್ 5ಕ್ಕೆ ದಂಡಿ ಮುಟ್ಟಿದರು. 6ರ ಬೆಳಿಗ್ಗೆ ಗಾಂಧೀಜಿ ಉಪ್ಪು ಎತ್ತಿದರು. ಒಂದು ವಾರ ಕಳೆದು, 13ಕ್ಕೆ, ನಮ್ಮ ಕಡೆ ಅಂಕೋಲೆಯಲ್ಲೂ ಉಪ್ಪು ತಯಾರಾಯಿತು. ಮಹದೇವಪ್ಪ ಜೈಲು ಕಂಡ. ಹೆಂಡತಿ ಸಿದ್ದಮ್ಮನೂ ಮನೇಲಿ ಕೂರಲಿಲ್ಲ. ಆಕೆಯೂ ಸಾಬರಮತಿಗೆ ಹೋದಳು, ಚಳವಳಿಗೆ ಇಳಿದಳು, ಸೆರೆಮನೆ ಸೇರಿದಳು. ಗಂಡನ ಹೆಸರಿನ ಬೋರ್ಡು ಇದೆ, ಆಕೆಯ ಹೆಸರು ಎಷ್ಟು ಮಂದಿ ಕೇಳಿದ್ದಾರೋ.

ಊರಿಗೆ ಬಂದ ಮೇಲೆ ಇಬ್ಬರೂ ಕೊರಡೂರಿನಲ್ಲಿ ಗ್ರಾಮ ಸೇವಾಶ್ರಮ ಕಟ್ಟಿದರು. ಖಾದಿ, ಚರಕ, ಹಳ್ಳಿ ಕೆಲಸ. ಹಾಗೇ ಇದ್ದುಬಿಡಬಹುದಿತ್ತು.

ಆದರೆ 1942 ಬಂತು. ಮಹಾಯುದ್ಧ ನಡೀತಿತ್ತು, ನಮ್ಮನ್ನು ಒಂದು ಮಾತು ಕೇಳದೇ ಬ್ರಿಟಿಷರು ದೇಶವನ್ನು ಅದಕ್ಕೆ ಎಳೆದಿದ್ದರು. ಚಲೇಜಾವ್ ಚಳವಳಿ ಶುರುವಾಗಿ, ಮುಖಂಡರನ್ನೆಲ್ಲ ಒಂದೇ ಸಲಕ್ಕೆ ಒಳಗೆ ಹಾಕಿದ ಮೇಲೆ ನಮ್ಮ ಸೀಮೆಯ ಹುಡುಗರು ಬೇರೆ ದಾರಿ ಹಿಡಿದರು. ಚಾವಡಿ ದಫ್ತರ ಸುಟ್ಟರು, ವಸೂಲಾದ ಕಂದಾಯ ಸರ್ಕಾರಕ್ಕೆ ಮುಟ್ಟದಂತೆ ಕಿತ್ತುಕೊಂಡರು. ಮಹದೇವಪ್ಪ ಅಂಥ ಒಂದು ತಂಡದ ನಾಯಕ. ದಂಡಿಗೆ ನಡೆದವನು ಇದಕ್ಕೆ ಕೈ ಹಾಕಬಹುದಾ ಅಂತ ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ನನಗೆ ಅನಿಸೋದು ಇಷ್ಟು. ಅವನ ದಾರಿ ಬದಲಾಯಿತು, ತಕರಾರು ಬದಲಾಗಲಿಲ್ಲ. ಭೂಕಂದಾಯ ಇಳಿಸಿ ಅಂತ 1930ರಲ್ಲಿ ಕೇಳಿದ್ದಕ್ಕೆ 13 ವರ್ಷವಾದರೂ ಉತ್ತರ ಸಿಕ್ಕಿರಲಿಲ್ಲ.

1943ರ ಏಪ್ರಿಲ್ 1. ಅಂಗಡಿಯವರಿಗೆ ಈ ತಾರೀಖು ಗೊತ್ತು, ಸರ್ಕಾರದ ಹೊಸ ಲೆಕ್ಕ ಶುರುವಾಗುವ ದಿನ. ಹಾವೇರಿ ತಾಲೂಕಿನ ಹೊಸರಿತ್ತಿ, ವರದಾ ನದಿ ದಂಡೆ. ಅಲ್ಲಿ ವಸೂಲಾದ ಕಂದಾಯದ ಹಣವನ್ನು ವೀರಭದ್ರ ದೇವರ ಗುಡಿಯಲ್ಲಿಟ್ಟು ಪೋಲೀಸು ಕಾವಲು ಹಾಕಿದ್ದರು. ಮಹದೇವಪ್ಪನ ತಂಡ ಗುಡಿಗೆ ನುಗ್ಗಿತು. ಪೋಲೀಸರ ಗುಂಡು ಹಾರಿತು. ಮಹದೇವಪ್ಪ, ಅವನ ಜೊತೆಗಾರರಾದ ತಿರಕಪ್ಪ ಮಡಿವಾಳರ ಮತ್ತು ವೀರಯ್ಯ ಹಿರೇಮಠ, ಮೂವರೂ ಅಂದು ಹೋದರು. ಮಹದೇವಪ್ಪನಿಗೆ ಆಗಿನ್ನೂ 31. ಸ್ವಾತಂತ್ರ್ಯಕ್ಕೆ ನಾಲ್ಕು ವರ್ಷ ಬಾಕಿ ಇತ್ತು.

ಈ ಮೂವರ ನೆನಪಿಗೆ ಹಾವೇರಿಯಲ್ಲಿ ವೀರಸೌಧ ಇದೆ. 2018ರಲ್ಲಿ ಮಹದೇವಪ್ಪನ ಚಿತ್ರದ ಅಂಚೆ ಚೀಟಿ ಬಂತು. 2019ರ ಜನವರಿ 30ಕ್ಕೆ ದಂಡಿಯಲ್ಲಿ ತೆರೆದ ಸ್ಮಾರಕದಲ್ಲಿ ಗಾಂಧೀಜಿಯ ಹಿಂದೆ ನಡೆದವರ ಪ್ರತಿಮೆಗಳು ಸಾಲಾಗಿ ನಿಂತಿವೆ. ಗುಜರಾತಿನ ಕಡೆ ವ್ಯಾಪಾರಕ್ಕೆ ಹೋಗುವ ನಮ್ಮ ಮೆಣಸಿನಕಾಯಿ ವರ್ತಕರು ಸ್ವಲ್ಪ ಬಿಡುವು ಮಾಡಿಕೊಂಡು ಅಲ್ಲಿಗೆ ಹೋದರೆ, ಆ ಸಾಲಿನಲ್ಲಿ ಮೋಟೆಬೆನ್ನೂರಿನವನನ್ನು ಹುಡುಕಿ ನೋಡಲಿ.